ಶಿವಗಂಗೋತ್ರಿ ಯಾರದು?
(ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದಾವಣಗೆರೆ ಹೆಸರಾದದ್ದು ಹತ್ತಿ ಗಿರಣಿಗಳಿಂದ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳುವವರು ಹೊಗಳಿದರು. ಆದರೆ ಆ ಗಿರಣಿಯಲ್ಲಿ ನೂಲು ತೆಗೆದವನ ಮಗ ಎಂ.ಎ. ಓದಬೇಕೆಂದರೆ ಎಲ್ಲಿಗೆ ಹೋಗಬೇಕಾಗಿತ್ತು?

ಹಳೆಯ ಮೈಸೂರು ಸಂಸ್ಥಾನದ ಊರು ನಮ್ಮದು, ದಾರಿ ಮೈಸೂರಿಗೇ. ಅಲ್ಲಿ 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿತು. ಉಪಕುಲಪತಿಗಳಾಗಿದ್ದ ಕುವೆಂಪು ಅವರ ಕನಸಿನ ಮಾನಸಗಂಗೋತ್ರಿ 1960ರಲ್ಲಿ ರೂಪುಗೊಂಡಿತು. ಅದು ನಾಡಿನ ಹೆಮ್ಮೆ, ಒಪ್ಪೋಣ. ಆದರೆ ಹೆಮ್ಮೆಯಿಂದ ರೈಲು ಚಾರ್ಜು ಹುಟ್ಟುವುದಿಲ್ಲ. ಸುಮಾರು 300 ಕಿಲೋಮೀಟರ್ ದೂರ, ಕೋಣೆ ಬಾಡಿಗೆ, ಊಟದ ಖರ್ಚು. ಅದರ ಮೇಲೆ ದುಡಿಯುವ ವಯಸ್ಸಿನ ಮಗನ ಎರಡು ವರ್ಷದ ಕೂಲಿಯೂ ಖೋತಾ. ಬಡವನ ಮನೆಗೆ ಇದು ತೀರದ ಸಾಲ.

1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ನಮ್ಮೂರಿಗೆ ಬಂತು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಈ ಕೇಂದ್ರ ಅದರ ಕೈಗೆ ಸೇರಿತು. ಕೊನೆಗೆ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವೇ ಆಯಿತು. ದಾವಣಗೆರೆ, ಚಿತ್ರದುರ್ಗ ಎರಡು ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ತೋಳಹುಣಸೆಯ ಬಳಿಯ ಆವರಣಕ್ಕೆ ಶಿವಗಂಗೋತ್ರಿ ಎಂಬ ಹೆಸರು. ಕೇಂದ್ರ ವಿಶ್ವವಿದ್ಯಾನಿಲಯವಾಗಲು ಮೂವತ್ತು ವರ್ಷ ಹಿಡಿಯಿತು!

ಹಾಗಾದರೆ ನಮ್ಮ ಕೆಲಸ ಮುಗಿಯಿತೇ? ಇಲ್ಲ. ಮೈಸೂರಿನಿಂದ ತೋಳಹುಣಸೆಯವರೆಗಿನ ದಾರಿಯನ್ನು ಸರ್ಕಾರ ಕಡಿಮೆ ಮಾಡಿತು. ತೋಳಹುಣಸೆಯಿಂದ ಹಮಾಲಿಯ ಮನೆ ಬಾಗಿಲವರೆಗಿನ ದಾರಿಯನ್ನು ಕಡಿಮೆ ಮಾಡಬೇಕಾದವರು ನಾವು. ಕಾಲೇಜು ಹತ್ತಿರವಿದ್ದೂ ಶುಲ್ಕ ಕಟ್ಟಲಾಗದವನಿಗೆ ಅದು ಮೈಸೂರಿಗಿಂತಲೂ ದೂರ. ಸಂಜೆಯ ಮೇಲೆ ಬಸ್ಸಿಲ್ಲದಿದ್ದರೆ ಹೆಣ್ಣುಮಗಳ ಓದು ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ನಾವು ಕೇಳುವುದು ಇಷ್ಟೇ: ಬಡವರ ಮಕ್ಕಳಿಗೆ ನಿಲುಕುವ ಶುಲ್ಕ, ಸಾಕಷ್ಟು ವಿದ್ಯಾರ್ಥಿನಿಲಯ, ತರಗತಿಯ ವೇಳೆಗೆ ಹೊಂದುವ ಬಸ್ಸು, ದುಡಿದು ಬಂದವನಿಗೂ ತೆರೆದಿರುವ ಗ್ರಂಥಾಲಯ. ಗಿರಣಿಗಳು ಏಕೆ ಮುಚ್ಚಿದವು, ಅಲ್ಲಿ ದುಡಿದವರು ಏನಾದರು ಎಂಬುದೂ ಅಲ್ಲಿ ಅಧ್ಯಯನದ ವಿಷಯವಾಗಲಿ.

ಇದು ದಾನದ ಬೇಡಿಕೆಯಲ್ಲ. ಬೆಂಕಿಪೊಟ್ಟಣ ಕೊಳ್ಳುವವನೂ ತೆರಿಗೆ ಕಟ್ಟುತ್ತಾನೆ. ಆ ಕಟ್ಟಡದ ಕಲ್ಲಿನಲ್ಲಿ ನಮ್ಮ ಕಾಸೂ ಇದೆ. ನಮ್ಮ ಮಕ್ಕಳು ಅದರೊಳಗೆ ತಲೆಯೆತ್ತಿ ನಡೆಯಲಿ.