ಜಾನಪದ ವಿದ್ಯಾಭ್ಯಾಸವೂ ಜೀವನೋಪಾಯವೂ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಬಿ.ಎ. ತೇರ್ಗಡೆಯಾದ ಮಗನೋ ಮಗಳೋ ಜಾನಪದದಲ್ಲಿ ಎಂ.ಎ. ಓದುವೆನೆಂದಾಗ, "ನಮ್ಮಜ್ಜಿ ಬೀಸುತ್ತ ಹಾಡಿದ್ದನ್ನು ಓದಲಿಕ್ಕೆ ಎರಡು ವರುಷವೇಕೆ? ಓದಿದ ಮೇಲೆ ಅನ್ನವೆಲ್ಲಿ?" ಎಂದು ತಂದೆತಾಯಿಗಳು ಕೇಳುವದುಂಟು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮಕ್ಕಳ ಉತ್ಸಾಹವನ್ನು ನೋಡಿ ಅವಕ್ಕೆ ಬರಿಯ ಸವಿಯುತ್ತರ ಕೊಡುವದು ನನಗೆ ಸಮ್ಮತವಲ್ಲ.

ಬೀಸುವ ಪದವು ಅಚ್ಚಿನಲ್ಲಿ ಮೂರು ಸಾಲಿನ ತ್ರಿಪದಿ. ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ಎರಡನೆಯ ಸಾಲನ್ನು ಮರಳಿ ಎತ್ತಿಕೊಂಡು ಹಾಡುವದರಿಂದ ಅದೇ ಪದವು ಕಿವಿಗೆ ನಾಲ್ಕು ಸಾಲಾಗಿ ಕೇಳುವದು. ಪುಸ್ತಕವನ್ನಷ್ಟೇ ನೋಡಿದವನಿಗೆ ಈ ನಾಲ್ಕನೆಯ ಸಾಲು ದೊರೆಯಲಾರದು. ಹಿಟ್ಟಿನ ಗಿರಣಿ ಬಂದಮೇಲೆ ಕಲ್ಲು ಮೂಲೆ ಸೇರಿತು; ಹಾಡು ಮುದುಕಿಯರ ನೆನಪಿನಲ್ಲಿ ನಿಂತಿತು. ಆದುದರಿಂದ ಹಾಡಿದವರು ಯಾರು, ಯಾರಿಂದ ಕಲಿತರು, ಯಾವ ಕೆಲಸದಲ್ಲಿ ಯಾವ ಹೊತ್ತಿಗೆ ಹಾಡುತ್ತಿದ್ದರು, ಧಾಟಿಯೇನು, ನೆರೆಯೂರಿನಲ್ಲಿ ಅದು ಹೇಗೆ ಬೇರೆಯಾಗಿದೆ ಎಂಬಿಷ್ಟನ್ನೂ ಧ್ವನಿಮುದ್ರಣದೊಡನೆ ಬರೆದಿಡಬೇಕಾಗುವದು. ಇದಕ್ಕೆ ಕ್ಷೇತ್ರಕಾರ್ಯವೆನ್ನುವರು. ಓಲೆಗರಿಗಳನ್ನು ತಾಳೆನೋಡಿ ಮೂಲಪಾಠವನ್ನು ಹುಡುಕುವ ನಮ್ಮ ಪಾಠಶಾಲೆಯ ಪದ್ಧತಿ ಇಲ್ಲಿ ಸಾಗದು; ಹಾಡಿದ ಪ್ರತಿಯೊಂದು ಬಾಯಿಯೂ ಮೂಲವೇ. ಶಬ್ದಮಣಿದರ್ಪಣವನ್ನು ಕಂಠಪಾಠ ಮಾಡಿದ ನನ್ನಂಥವರಿಗೆ ಇದನ್ನು ಒಪ್ಪಿಕೊಳ್ಳುವದು ಸುಲಭವಲ್ಲ!

ಇನ್ನು ಕಥೆಗಳಿಗೂ ಶಾಸ್ತ್ರವುಂಟು. ಫಿನ್ಲಂಡದ ಆಂಟಿ ಆರ್ನೆ ಎಂಬ ಪಂಡಿತರು ೧೯೧೦ರಲ್ಲಿ ಕಥೆಗಳ ವರ್ಗಸೂಚಿಯನ್ನು ರಚಿಸಿದರು. ಅಮೇರಿಕೆಯ ಸ್ಟಿತ್ ಥಾಂಪ್ಸನ್ನರು ಅದನ್ನು ವಿಸ್ತರಿಸಿದರು. ಮೈಸೂರಿನಲ್ಲಿ ಹುಟ್ಟಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕಲಿಸಿದ ಎ. ಕೆ. ರಾಮಾನುಜನ್ನರು ನಮ್ಮ ಅಜ್ಜಿಯರ ಕಥೆಗಳನ್ನು ಇಂಗ್ಲಿಷಿನಲ್ಲಿ ಲೋಕದ ಮುಂದಿಟ್ಟರು.

ಆದರೆ ನಮ್ಮಲ್ಲಿ ಈ ಕೆಲಸವು ಪದವಿಗಾಗಿ ಕಾದು ಕುಳಿತಿರಲಿಲ್ಲ. ವಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿ ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದರು. ಲಿಂಗಣ್ಣನವರ ಹೊಟ್ಟೆಪಾಡು ಶಾಲಾಮಾಸ್ತರಿಕೆ. ವಿಶ್ವವಿದ್ಯಾಲಯಗಳು ಈ ವಿದ್ಯೆಗೆ ಪೀಠ ಹಾಕಿದ್ದು ಬಹು ತಡವಾಗಿ. ಇದೊಂದಕ್ಕೇ ಮೀಸಲಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಸ್ಥಾಪಿತವಾದದ್ದು ೨೦೧೧ರಲ್ಲಿ.

ಈಗ ಅನ್ನದ ಮಾತು. ಅಧ್ಯಾಪಕನಾಗಬಯಸುವವನು ಎನ್.ಇ.ಟಿ. ಪರೀಕ್ಷೆಗೆ ಕೂಡಬಹುದು, ಅದರಲ್ಲಿ ಜನಪದ ಸಾಹಿತ್ಯವು ಪ್ರತ್ಯೇಕ ವಿಷಯವಾಗಿದೆ. ಮೇಲಿನ ಅಂಕ ಬಂದರೆ ಸಂಶೋಧನೆಗೆ ವೇತನವೂ ದೊರೆಯುವದು. ಆದರೆ ಜಾನಪದವನ್ನೇ ಕಲಿಸುವ ಹುದ್ದೆಗಳು ಕೆಲವೇ. ವರುಷಗಟ್ಟಲೆ ಅತಿಥಿ ಉಪನ್ಯಾಸಕರಾಗಿಯೇ ದಿನ ನೂಕುವವರು ಬಹಳ. ಜಾನಪದದ ಎಂ.ಎ.ಯು ಎಲ್ಲ ಕಡೆಗೂ ಕನ್ನಡದ ಎಂ.ಎ.ಗೆ ಸಮಾನವೆಂದು ಭಾವಿಸಬಾರದು. ಪ್ರಕಟನೆಯನ್ನು ಓದಿಯೇ ಅರ್ಜಿ ಹಾಕತಕ್ಕದ್ದು. ಯಾವುದಾದರೊಂದು ಪದವಿ ಸಾಕೆನ್ನುವ ಸರಕಾರೀ ಪರೀಕ್ಷೆಗಳು ಹೇಗೂ ತೆರೆದಿವೆ. ನನ್ನ ಅಭಿಪ್ರಾಯದಲ್ಲಿ ಈ ವಿದ್ಯೆಯೊಂದಿಗೆ ಕೈಕಸಬೊಂದು ಬೇಕು. ಧ್ವನಿಯನ್ನು ಚೊಕ್ಕವಾಗಿ ಮುದ್ರಿಸಿ ಗಣಕಯಂತ್ರದಲ್ಲಿ ಕ್ರಮವಾಗಿ ಇಡಬಲ್ಲವನು, ಮರಾಠಿಯನ್ನೋ ತೆಲುಗನ್ನೋ ಬಲ್ಲವನು, ಗ್ರಂಥಾಲಯಶಾಸ್ತ್ರ ಕಲಿತವನು ಆಕಾಶವಾಣಿ, ವಸ್ತುಸಂಗ್ರಹಾಲಯ, ಅನುವಾದ, ಪ್ರಕಾಶನ ಇವುಗಳ ಬಾಗಿಲನ್ನು ಧೈರ್ಯದಿಂದ ತಟ್ಟಬಹುದು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವನ್ನು ವಿದ್ಯಾರ್ಥಿಗಳು ಒಮ್ಮೆ ನೋಡಿ ಬರಲಿ. ಒಂದು ಕೂರಿಗೆಗೆ, ಒಂದು ಗೊಂಬೆಗೆ ಎಷ್ಟು ಬರೆಹ, ಎಷ್ಟು ಜೋಪಾನ ಬೇಕೆಂಬುದು ಅಲ್ಲಿ ತಿಳಿಯುವದು.

ಇಷ್ಟನ್ನೆಲ್ಲ ತಿಳಿದೂ ಓದುವೆನೆನ್ನುವ ಮಗುವನ್ನು ತಡೆಯಬೇಡಿರಿ. ವಿದ್ಯಾರ್ಥಿಗಳಿಗೆ ಮಾತ್ರ ಒಂದು ಕಟ್ಟಳೆ ಹೇಳುವೆನು. ನಿಮ್ಮ ಪ್ರಬಂಧಕ್ಕೆ ಪದವಿ ದೊರೆತಾಗ ಹಾಡಿಕೊಟ್ಟ ತಾಯಿಗೆ ಏನೂ ದೊರೆತಿರುವದಿಲ್ಲ. ಆಕೆಯ ಒಪ್ಪಿಗೆ ಕೇಳಿ ಬರೆದುಕೊಳ್ಳಿರಿ. ಆ ದಿನದ ಕೂಲಿ ತಪ್ಪಿದ್ದರೆ ತುಂಬಿಕೊಡಿರಿ. ಆಕೆ ಬೇಡವೆನ್ನದಿದ್ದರೆ ಹೆಸರನ್ನು ಅಚ್ಚು ಮಾಡಿಸಿರಿ. ಪುಸ್ತಕವಾದ ಮೇಲೆ ಒಂದು ಪ್ರತಿಯನ್ನು ಆಕೆಯ ಮನೆಗೆ ಒಯ್ದು, ಓದುಬಾರದವಳಾದರೆ ನೀವೇ ಓದಿ ಕೇಳಿಸಿ, ತಪ್ಪಿದ್ದಲ್ಲಿ ತಿದ್ದಿಸಿಕೊಂಡು ಬರತಕ್ಕದ್ದು.