ವಕೀಲರ ಹತ್ರ ಹೋಗೋ ಮೊದಲು ಮನೆಯಲ್ಲೇ ಮುಗಿಸಬೇಕಾದ ಕೆಲಸ

(ಜತ್ತ ತಾಲೂಕಿನ ಯುವಕರ ಕೂಟದಲ್ಲಿ ಆಡಿದ ಮಾತು, ಬರಹಕ್ಕೆ ಇಳಿಸಿದ್ದು)



ನಾನು ವಕೀಲ ಅಲ್ರಿ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿರುವವ. ತೀರಿಕೊಂಡವರ ಖಾತೆಯ ಅರ್ಜಿಗಳು ನನ್ನ ಕೌಂಟರಿಗೇ ಬರ್ತಾವ. ಅಪ್ಪ ಹೋಗಿ ಇನ್ನೂ ಹದಿನೈದು ದಿನ ಆಗಿರೋದಿಲ್ಲ, ಮಗ ಒಂದು ಕ್ಯಾರಿಬ್ಯಾಗ್ ತಂದು ಕೌಂಟರ್ ಮೇಲೆ ಸುರೀತಾನ. ಪಾಸ್‌ಬುಕ್ಕು, ಸೊಸೈಟಿ ರಸೀದಿ, ಹಳೇ ಉತಾರ, ಎಲ್ಐಸಿ ಬಾಂಡು, ಲೈಟ್ ಬಿಲ್ಲು. ಮುಂದ ಅದೇ ಚೀಲ ಹಿಡಕೊಂಡು ವಕೀಲರ ಹತ್ರ ಹೋಗ್ತಾನ. ಇವತ್ತು ನಾನು ಮಾತಾಡೋದು ಆ ಚೀಲದ ಬಗ್ಗೆ.

ಚೀಲದೊಳಗಿನ ದೊಡ್ಡ ತೊಡಕು ಆಸ್ತಿ ಅಲ್ಲ, ಹೆಸರು. ಇದು ಪುಣೆಯವರಿಗೆ ಅಷ್ಟಾಗಿ ಇಲ್ಲದ, ಗಡಿಯ ಕನ್ನಡಿಗರಿಗೆ ಮನೆಮನೆಗೂ ಇರುವ ತೊಡಕು. ಅಪ್ಪನ ಹೆಸರು ಮಲ್ಲಪ್ಪ ಅಂತ ಇಟ್ಟುಕೊಳ್ಳಿ. ಕನ್ನಡ ಶಾಲೆಯ ದಾಖಲೆಯಲ್ಲಿ ಮಲ್ಲಪ್ಪ. ಸಾತಬಾರಾ ಉತಾರದಲ್ಲಿ ಮರಾಠಿ ಬರವಣಿಗೆ, ಅಲ್ಲಿ ಮಲ್ಲಾಪ್ಪಾ, ನಡುವೆ ತಂದೆ ಹೆಸರು, ಕೊನೆಗೆ ಅಡ್ಡಹೆಸರು. ಆಧಾರ್ ಕಾರ್ಡಿನ ಇಂಗ್ಲಿಷಿನಲ್ಲಿ ಒಂದು ಅಕ್ಷರ ಕಡಿಮೆ. ಗಡಿಯಾಚೆ ವಿಜಯಪುರ ಜಿಲ್ಲೆಯಲ್ಲಿ ಎರಡು ಎಕರೆ ಇದ್ದರೆ ಅಲ್ಲಿಯ ಪಹಣಿಯಲ್ಲಿ ಅಡ್ಡಹೆಸರೇ ಇಲ್ಲ, ಬರೀ 'ತಂದೆ ಸಿದ್ದಪ್ಪ'. ಊರಿಗೆಲ್ಲ ಗೊತ್ತಿರುವ ಒಬ್ಬ ಮನುಷ್ಯ, ಕಾಗದದ ಮೇಲೆ ನಾಲ್ಕು ಮಂದಿ ಆಗ್ತಾನ. ಅವ್ವಂದಿರದು ಇನ್ನೂ ಕಷ್ಟ. ತವರಿನ ಹೆಸರು ಒಂದು, ಮದುವೆಯಲ್ಲಿ ಇಟ್ಟದ್ದು ಒಂದು, ಮನೆಯಲ್ಲಿ ಕರೆಯೋದು ಮತ್ತೊಂದು, ರೇಷನ್ ಕಾರ್ಡಿನಲ್ಲಿ ಕೊನೆಯದೇ ಇರ್ತದ!

ಅದಕ್ಕೆ ವಕೀಲರನ್ನು ಕಾಣೋ ಮೊದಲು ಒಂದು ಸಂಜೆ ಕುಂತು ಒಂದು ಹಾಳೆ ಮಾಡ್ರಿ. ಎಡಕ್ಕೆ ಕಾಗದ ಯಾವುದು, ಬಲಕ್ಕೆ ಅದರಲ್ಲಿ ಹೆಸರು ಹೆಂಗ ಬರೆದಾರ, ಅದೇ ಲಿಪಿಯಲ್ಲಿ, ಅದೇ ಅಕ್ಷರದಲ್ಲಿ. ನೀವು ತಿದ್ದಬೇಡಿ. ಹುಟ್ಟಿದ ತಾರೀಖೂ ಬರೀರಿ, ಅದೂ ಹೊಂದೋದಿಲ್ಲ. 'ಇವರೆಲ್ಲ ಒಬ್ಬರೇ' ಅಂತ ಪ್ರತಿಜ್ಞಾಪತ್ರ ಸಾಕೋ, ಮೂಲ ದಾಖಲೆಯನ್ನೇ ತಿದ್ದಿಸಬೇಕೋ ಅಂತ ಹೇಳೋದು ವಕೀಲರ ಕೆಲಸ. ಆದರೆ ಈ ಹಾಳೆ ಇಲ್ಲದಿದ್ದರೆ ಅವರಿಗೆ ಅದು ಗೊತ್ತಾಗೋದು ಅರ್ಜಿ ವಾಪಸ್ ಬಂದಮೇಲೆ.

ಇನ್ನು ಮರಣದ ದಾಖಲೆ. ಸಾವು ನೋಂದಣಿ ಆಗೋದು ಜೀವ ಹೋದ ಊರಿನಲ್ಲಿ, ಮನೆ ಇರುವ ಊರಿನಲ್ಲಿ ಅಲ್ಲ. ನಮ್ಮವರು ಸೀರಿಯಸ್ ಆದರೆ ಮಿರಜಕ್ಕೆ ಇಲ್ಲಾ ವಿಜಯಪುರಕ್ಕೆ ಒಯ್ತೇವೆ. ವಿಜಯಪುರದಲ್ಲಿ ತೀರಿಕೊಂಡರೆ ಸರ್ಟಿಫಿಕೇಟ್ ಕರ್ನಾಟಕದ್ದು, ಹೊಲ ಮಹಾರಾಷ್ಟ್ರದ್ದು. ರಾತ್ರಿ ಹನ್ನೆರಡಕ್ಕೆ ಅಡ್ಮಿಟ್ ಮಾಡುವಾಗ ಅಳಿಯನೋ ಗಾಡಿ ಡ್ರೈವರೋ ಹೇಳಿದ ಹೆಸರೇ ಅದರಲ್ಲಿ ಬಂದಿರ್ತದ. ಕೈಗೆ ಬಂದ ಕೂಡಲೇ ಓದ್ರಿ. ತಪ್ಪಿದ್ದರೆ ನೋಂದಣಿ ಆದ ಕಚೇರಿಯಲ್ಲೇ ತಿದ್ದಿಸಬೇಕು, ಜತ್ತದಲ್ಲಿ ಆಗೋದಿಲ್ಲ. ಮನೆಯಲ್ಲೇ ತೀರಿಕೊಂಡರೆ 21 ದಿನದೊಳಗೆ ತಿಳಿಸಬೇಕು, ಮುಂದ ಹೋದಷ್ಟು ಓಡಾಟ ಹೆಚ್ಚು.

ಆಮೇಲೆ ವಾರಸುದಾರರ ಪಟ್ಟಿ. ಇಲ್ಲಿ ನಿಜ ಬರೀರಿ. ಉಯಿಲು ಇಲ್ಲದೆ ಗಂಡಸು ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅಷ್ಟೇ ಅಲ್ಲ, ಬದುಕಿದ್ದರೆ ಅವನ ತಾಯಿಯೂ ಮೊದಲ ಸಾಲಿನ ವಾರಸುದಾರಳು. ಮುದುಕಿ ಆಯಿ ಮೂಲೆಯಲ್ಲಿ ಕುಂತಿರ್ತಾಳ, ಪಟ್ಟಿಯಲ್ಲಿ ಅವಳ ಹೆಸರು ಬರೆಯೋದು ಯಾರಿಗೂ ಹೊಳೆಯೋದಿಲ್ಲ. ಲಿಂಗಾಯತರಿಗೂ ಇದೇ ಅಂತ ಕಾಯ್ದೆಯ 2ನೇ ಕಲಮಿನಲ್ಲೇ ಅದ. ಮುಸ್ಲಿಂ, ಕ್ರೈಸ್ತ ಗೆಳೆಯರಿಗೆ ಲೆಕ್ಕ ಬೇರೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ 2005ರಲ್ಲೇ ತಿದ್ದುಪಡಿ ಆಗೇದ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಗಟ್ಟಿ ಮಾಡ್ತು.

ಇಲ್ಲೇ ಒಂದು ಮಾತು, ಬೇಸರ ಆದರೂ ಹೇಳಬೇಕು. ಅಕ್ಕನನ್ನು ತವರಿಗೆ ಕರೆಸಿ, ಸೀರಿ ಕೊಟ್ಟು, 'ಇಲ್ಲೊಂದು ಸಹಿ ಮಾಡು' ಅಂತಾರ. ಅದು ಹಕ್ಕಸೋಡ ಪತ್ರ. ಮರಾಠಿಯಲ್ಲಿ ಇರ್ತದ. ಅಕ್ಕ ಕನ್ನಡ ಶಾಲೆಯಲ್ಲಿ ನಾಲ್ಕನೇತ್ತ ಓದಿದಾಕಿ. ತನ್ನ ಪಾಲು ಬಿಟ್ಟುಕೊಟ್ಟೆ ಅಂತ ಅದರಲ್ಲಿ ಬರೆದದ್ದು ಅವಳಿಗೆ ಗೊತ್ತಿಲ್ಲ. ಖುಷಿಯಿಂದ ಬಿಟ್ಟುಕೊಟ್ಟರೆ ಅದು ಅವಳ ಇಚ್ಛೆ. ಓದಲು ಬಾರದ ಭಾಷೆಯಲ್ಲಿ ಸಹಿ ಮಾಡಿಸಿಕೊಂಡರೆ ಅದಕ್ಕೆ ಇಚ್ಛೆ ಅನ್ನೋಕಾಗಲ್ಲ. ತಂಗಿಯರೇ, ಸಬ್‌ರಿಜಿಸ್ಟ್ರಾರ್ ಎದುರಿಗೇ 'ಕನ್ನಡದಾಗ ಓದಿ ಹೇಳ್ರಿ' ಅನ್ನೋಕೆ ಅಂಜಬೇಡಿ. ನೋಂದಣಿ ಆದಮೇಲೆ ಅದನ್ನು ಬಿಡಿಸೋದು ವರ್ಷಗಟ್ಟಲೆ ಕೋರ್ಟಿನ ಕೆಲಸ.

ಉಯಿಲು ಸಿಕ್ಕರೆ? ಅಪ್ಪ ಕನ್ನಡದಲ್ಲಿ ಬರೆದಿಟ್ಟದ್ದು ಸಿಕ್ಕರೆ 'ಮಹಾರಾಷ್ಟ್ರದಾಗ ಇದು ನಡೆಯೋದಿಲ್ಲ' ಅಂತ ಯಾರಾದರೂ ಹೇಳ್ತಾರ. ನಂಬಬೇಡಿ. ಉಯಿಲು ಯಾವ ಭಾಷೆಯಲ್ಲಿದ್ದರೂ ನಡೀತದ. ಸ್ಟಾಂಪ್ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯ ಅಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಕೋರ್ಟಿನಲ್ಲಿ ಪ್ರೊಬೇಟ್ ಕೇಳುವಾಗ ಅನುವಾದ ಜೋಡಿಸಬೇಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 277ನೇ ಕಲಮು ಇದಕ್ಕಾಗಿಯೇ ಅದ: ಆ ಭಾಷೆಗೆ ಕೋರ್ಟಿನ ಅನುವಾದಕರು ಇದ್ದರೆ ಅವರಿಂದ, ಇಲ್ಲದಿದ್ದರೆ ಬಲ್ಲವರಿಂದ, ಅವರ ದೃಢೀಕರಣದ ಜೊತೆ. ಹಂಗಾಗಿ ಮೂಲ ಉಯಿಲಿನ ಮೇಲೆ ಪೆನ್ನಿನಿಂದ ಗೀಟು ಹೊಡೀಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಸಾಕ್ಷಿ ಹಾಕಿದವರು ಈಗ ಎಲ್ಲಿದ್ದಾರ ಅಂತ ವಿಚಾರಿಸಿ ಬರಕೊಳ್ಳಿ. ಅಂದಹಾಗೆ ನಮ್ಮ ಕಡೆಯ ಹೊಲಮನೆಯ ಉಯಿಲಿಗೆ ಪ್ರೊಬೇಟ್ ಹಿಂದೆಯೂ ಕಡ್ಡಾಯ ಇರಲಿಲ್ಲ. ಆ ಕಡ್ಡಾಯ ಇದ್ದದ್ದು ಮುಂಬೈ, ಚೆನ್ನೈ, ಕೋಲ್ಕತ್ತದಂಥ ಕಡೆ. ಮುಂಬೈನಲ್ಲಿ ಖೋಲಿ ಮಾಡಿದವರ ಮನೆಯವರು ಮಾತ್ರ ಇದನ್ನು ವಕೀಲರಿಗೆ ಮೊದಲೇ ಹೇಳಬೇಕು.

ಈಗ ನನ್ನ ಕೌಂಟರಿಗೆ ಬರ್ತೀನಿ. ನಾಮಿನಿ ಅಂದರೆ ಮಾಲೀಕ ಅಲ್ಲ. ಬ್ಯಾಂಕ್ ಅವನ ಕೈಗೆ ದುಡ್ಡು ಕೊಟ್ಟು ತನ್ನ ಜವಾಬ್ದಾರಿ ಮುಗಿಸ್ತದ, ಅವನು ವಾರಸುದಾರರಿಗೆ ಲೆಕ್ಕ ಕೊಡಬೇಕು. ಸತ್ತವರ ಎಟಿಎಂ ಕಾರ್ಡು, ಫೋನ್‌ಪೇ ಬಳಸಿ ದುಡ್ಡು ತೆಗೀಬೇಡಿ, ಮನೆಯೊಳಗಿನ ಜಗಳ ಅಲ್ಲಿಂದಲೇ ಸುರು. ನಾಮಿನಿ ಇಲ್ಲದಿದ್ದರೂ ತಕರಾರು ಇಲ್ಲದಿದ್ದರೆ ಒಂದು ಮಿತಿಯವರೆಗೆ ಬ್ಯಾಂಕು ಕೋರ್ಟಿನ ಸಕ್ಸೆಷನ್ ಸರ್ಟಿಫಿಕೇಟ್ ಕೇಳಬಾರದು. ಆರ್‌ಬಿಐ 2025ರಲ್ಲಿ ಹೊರಡಿಸಿದ ನಿಯಮದಲ್ಲಿ ಆ ಮಿತಿ 15 ಲಕ್ಷ ರೂಪಾಯಿ, ಸಹಕಾರಿ ಬ್ಯಾಂಕಿಗೆ 5 ಲಕ್ಷ. ಪಾಸ್‌ಬುಕ್ ಎಂಟ್ರಿ ಹಾಕಿಸಿ ಒಂದೊಂದೇ ಸಾಲು ಓದ್ರಿ. ವರ್ಷಕ್ಕೊಮ್ಮೆ 436 ರೂಪಾಯಿ ಕಟ್ಟಾಗಿದ್ದರೆ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, 2 ಲಕ್ಷ ಬರಬೇಕು. 20 ರೂಪಾಯಿ ಕಟ್ಟಾಗಿದ್ದರೆ ಅದು ಅಪಘಾತದ್ದು. ಎಷ್ಟೋ ಮನೆಯವರಿಗೆ ಇದು ಇತ್ತು ಅಂತಲೇ ಗೊತ್ತಿರೋದಿಲ್ಲ.

ಹೊಲದ ವಾರಸ ನೋಂದ ತಲಾಠಿ ಕಚೇರಿಯಲ್ಲಿ, ಅದಕ್ಕೆ ಜಗಳ ಇಲ್ಲದಿದ್ದರೆ ಕೋರ್ಟು ಬೇಡ. ಕರ್ನಾಟಕದ ಹೊಲಕ್ಕೆ ಅಲ್ಲಿಯೇ ಬೇರೆ ಪೌತಿ ಖಾತೆ ಆಗಬೇಕು. ಎರಡೂ ಕಂದಾಯದ ದಾಖಲೆ, ಮಾಲಕಿ ತೀರ್ಮಾನ ಅಲ್ಲ.

ವಕೀಲರ ಹತ್ರ ಹೋದಾಗ ಝೆರಾಕ್ಸ್ ಕೊಡ್ರಿ, ಮೂಲ ತೋರಿಸಿ ವಾಪಸ್ ತನ್ನಿ. ಕೋರ್ಟಿಗೆ ಮೂಲವೇ ಬೇಕಾದರೆ ಕೊಟ್ಟದ್ದಕ್ಕೆ ಬರೆಸಿಕೊಳ್ಳಿ. ಸಾಲ ಮುಚ್ಚಿಡಬೇಡಿ. ಅಪ್ಪನ ಸಾಲಕ್ಕೆ ಮಕ್ಕಳು ಹೊಣೆ ಆಗೋದು ಅವನಿಂದ ಬಂದ ಆಸ್ತಿಯ ಮಟ್ಟಿಗೆ. ಫೀ ಎಷ್ಟು, ಕೋರ್ಟ್ ಫೀ ಬೇರೆ ಎಷ್ಟು ಅಂತ ಮೊದಲ ದಿನವೇ ಕೇಳ್ರಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ತಾಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗ್ತಾರ, ಕೋರ್ಟಿನ ಆವಾರದಲ್ಲೇ ಕೇಳಬಹುದು.

ಇಲ್ಲಿ ಕೆಲವರು ಚೀಲ ತಂದೀರಿ ಅಂತ ಕಾಣ್ತದ. ಮೊದಲು ಮರಣ ದಾಖಲೆ ತೆಗೀರಿ, ಹೆಸರು ನೋಡೋಣ.