ಕ್ಯಾಲೆಂಡರಿನ ಮನೆಗಳು

ಮೊನ್ನೆ ಮಂಗಳವಾರ ಸಂಜೆ, ಒಣಹಾಕಿದ್ದ ಶಾವಿಗೆ ತೆಗೆಯಲೆಂದು ಮಾಳಿಗೆಗೆ ಹತ್ತಿದ್ದೆ. ಮೇಲಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೋಡೆಯ ಮೇಲೆ ಕಿರಾಣಿ ಅಂಗಡಿಯವರು ಕೊಡುವ ದೊಡ್ಡ ಅಂಕಿಯ ಕ್ಯಾಲೆಂಡರ್. ಅದರ ಮೊಳೆಗೆ ದಾರ ಕಟ್ಟಿ ತೂಗುಬಿಟ್ಟ ಒಂದು ಪೆನ್ಸಿಲ್. ತಾರೀಖಿನ ಒಂದೊಂದು ಮನೆಯಲ್ಲೂ ಇರುವೆ ಸಾಲಿನಂಥ ಸಣ್ಣ ಅಕ್ಷರ.

ನಮ್ಮ ಅವ್ವ ಹಾಲಿನ ಲೆಕ್ಕ ಹೀಗೇ ಬರೆಯುತ್ತಿದ್ದಳು. ಅರ್ಧ, ಒಂದು, ಒಂದೂವರೆ. ಹಾಲಿನವನು ಬಾರದ ದಿನ ಒಂದು ಅಡ್ಡಗೆರೆ. ಯಾವ ದಿನ ಮನೆಗೆ ಬೀಗರು ಬಂದಿದ್ದರು ಎನ್ನುವುದನ್ನು ತಿಂಗಳ ಕೊನೆಗೆ ಆ ಅಂಕಿ ನೋಡಿಯೇ ಹೇಳಬಹುದಾಗಿತ್ತು.

"ಏನವಾ, ಹಾಲಿನ ಲೆಕ್ಕ ಇಟ್ಟೀಯೇನು?" ಎಂದೆ.

"ಇಲ್ರಿ ಆಂಟಿ, ಅದು ನನ್ನ ಖರ್ಚಿನ ಲೆಕ್ಕರೀ," ಎಂದಳು ಹುಡುಗಿ.

ನವಲಗುಂದದ ಕಡೆಯ ಹಳ್ಳಿಯವಳು. ಡಿಗ್ರಿಯ ಎರಡನೇ ವರ್ಷ ಮುಗಿದಿದೆ. ರಜೆಯಲ್ಲಿ ಹಾಸ್ಟೆಲ್ ಮುಚ್ಚುತ್ತದೆ. ಸಪ್ತಾಪುರದ ಕೋಚಿಂಗ್ ಕ್ಲಾಸ್ ಬಿಡುವಂತಿಲ್ಲ. ಹಾಗಾಗಿ ಗೆಳತಿಯೊಬ್ಬಳ ಜೊತೆ ಈ ಬೇಸಿಗೆಗೆ ನಮ್ಮ ಮಾಳಿಗೆಯ ಕೋಣೆ ಹಿಡಿದಿದ್ದಾಳೆ. ಅಪ್ಪ ತಿಂಗಳಿಗೆ 3,000 ಕಳಿಸುತ್ತಾರೆ. ಅವ್ವ ತನಗೆ ಬರುವ ಗೃಹಲಕ್ಷ್ಮಿಯ 2,000ದಲ್ಲಿ ಅರ್ಧ ಮಗಳಿಗೆ ಹಾಕುತ್ತಾಳೆ. ಕೋಣೆ ಬಾಡಿಗೆಯಲ್ಲಿ ಇವಳ ಪಾಲು 1,200. ಅದು ನನ್ನ ಕೈಗೇ ಬರುವ ದುಡ್ಡು. ತಿಂಗಳ ಮೊದಲ ಮನೆಯಲ್ಲಿ ಆ ಅಂಕಿ ಕಂಡಾಗ ನನ್ನ ಕಣ್ಣು ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

ಉಳಿದ ಮನೆಗಳನ್ನು ಓದುತ್ತ ಹೋದೆ. ಝೆರಾಕ್ಸ್ 12. ಮೊಸರು 15. ಗಿರಮಿಟ್ಟು 30. ತಿಂಗಳ ಮೊದಲ ವಾರದಲ್ಲಿ ದಿನಕ್ಕೊಂದರಂತೆ 'ನೀರು 20', 'ನೀರು 20'. ಆಮೇಲೆ ಒಂದು ಮನೆಯಲ್ಲಿ 'ಗಡಿಗೆ 110'. ಅಲ್ಲಿಂದ ಮುಂದೆ ನೀರಿನ ಸುದ್ದಿಯೇ ಇಲ್ಲ. ತಿರುಗಿ ನೋಡಿದರೆ ಗಡಿಗೆ ಮೂಲೆಯಲ್ಲೇ ಕೂತಿತ್ತು. ಕೆಳಗೆ ಮರಳು, ಮೈಗೆ ಒದ್ದೆ ಬಟ್ಟೆ. ಇಬ್ಬರೂ ಸೇರಿ 220 ಕೊಟ್ಟು ತಂದದ್ದಂತೆ. ಮಣ್ಣಿನ ಮೈಯಿಂದ ಜಿನುಗಿದ ನೀರು ಗಾಳಿಗೆ ಆರುತ್ತ ಒಳಗಿನ ನೀರನ್ನು ತಂಪು ಮಾಡುತ್ತದೆ. ಬಾಟಲಿಯ ಲೆಕ್ಕದಲ್ಲಿ ಒಬ್ಬೊಬ್ಬರ ದುಡ್ಡೂ ಆರು ದಿನಕ್ಕೆ ತೀರಿತು.

ಆದರೆ 'ಕಬ್ಬಿನ ಹಾಲು 20' ಮಾತ್ರ ವಾರಕ್ಕೆರಡು ಸಲ ಇದ್ದೇ ಇತ್ತು. ನಾನು ಅದರ ಮೇಲೆ ಬೆರಳಿಟ್ಟದ್ದನ್ನು ನೋಡಿ, "ಅದನ್ನ ಬಿಡೂದಿಲ್ರಿ ಆಂಟಿ. ಕ್ಲಾಸ್ ಬಿಟ್ಟ ಮ್ಯಾಲ ಎಲ್ಲಾರೂ ಕೂಡಿ ಕುಡೀತೇವ್ರಿ," ಎಂದಳು. ಬಿಡಬೇಡ ಎಂದೆ. ಲೆಕ್ಕ ಇಡುವವರು ಜಿಪುಣರು ಎಂದು ಯಾಕೆ ತಿಳಿಯುತ್ತೇವೋ! ಕಬ್ಬಿನ ಹಾಲಿಗೆ ಜಾಗ ಸಿಗಲೆಂದೇ ಈ ಹುಡುಗಿ ಗಡಿಗೆ ತಂದಳು ಎಂದು ನನಗೆ ಅನಿಸುತ್ತದೆ.

ಫೋನಿನಲ್ಲಿ ಎಲ್ಲ ದಾಖಲಾಗಿರುತ್ತದಲ್ಲ, ಮತ್ತೆ ಬರೆಯುವುದೇಕೆ ಎಂದು ಕೇಳಿದೆ. ಯುಪಿಐ ಬಂದದ್ದು 2016ರಲ್ಲಿ; ಈ ಹುಡುಗಿ ಆಗಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಿರಬೇಕು. ಸ್ಕ್ಯಾನ್ ಮಾಡಿ ಕೊಡುವುದು ಅವಳ ಓರಗೆಯವರಿಗೆ ಉಸಿರಾಟದಷ್ಟು ಸಲೀಸು. ಅವಳೆಂದಳು: "ಫೋನ್‌ನ್ಯಾಗ ಇರ್ತದ್ರಿ, ಆದ್ರ ಅದು ನಾ ಬರದದ್ದಲ್ಲ. ರಾತ್ರಿ ಕೈಯಿಂದ ಬರಿಯೂ ಮುಂದ, ಆ ರೊಕ್ಕ ಇನ್ನೊಮ್ಮೆ ಕೊಟ್ಟಂಗ ಆಗ್ತದ್ರಿ." ಮೂವತ್ತು ವರ್ಷದಿಂದ ಸಂಸಾರದ ಖರ್ಚು ನೋಡಿಕೊಂಡು ಬಂದ ನನಗೆ ಈ ಮಾತು ಹೊಳೆದಿರಲಿಲ್ಲ. ಒಮ್ಮೆ ಕೊಡುವಾಗ ಗೊತ್ತಾಗದ ಭಾರ, ಇನ್ನೊಮ್ಮೆ ಕೊಡುವಾಗ ಕೈಗೆ ತಿಳಿಯುತ್ತದೆ.

ಭಾನುವಾರದ ಕೆಂಪು ಮನೆಗಳಲ್ಲಿ ಮಾತ್ರ ಬೇರೆಯದೇ ಒಂದು ಶಬ್ದ ಇತ್ತು. ಸುತ್ತ ದುಂಡಗೆ ಗೆರೆ. 'ಬೀಜ 200'. ಮುಂದಿನ ಭಾನುವಾರ ಮತ್ತೆ 'ಬೀಜ 200'.

ಏನಿದು ಬೀಜ ಎಂದರೆ, ಮುಖ ಕೆಳಗೆ ಹಾಕಿ ನಕ್ಕಳು. ಜುಲೈಗೆ ಕಾಲೇಜಿನ ಫೀ, ಪುಸ್ತಕ, ಪರೀಕ್ಷೆಗಳ ಅರ್ಜಿ ಎಲ್ಲ ಒಟ್ಟಿಗೇ ಬರುತ್ತವೆ. ಅದಕ್ಕೆಂದು ತೆಗೆದಿಡುವ ಹಣ ಅದು. "ಕಣದಾಗ ರಾಶಿ ಆತಂದ್ರ ನಮ್ಮಪ್ಪ ಮೊದಲ ಬೀಜಾ ತಗದ ಇಡ್ತಾನ್ರಿ. ಆಮ್ಯಾಲನ ಮನಿಗೆ, ಆಮ್ಯಾಲನ ಮಾರಾಕ."

ಎರೆಭೂಮಿಯ ಊರುಗಳ ಬೇಸಿಗೆ ಬಲ್ಲವರಿಗೆ ಈ ಮಾತಿನ ತೂಕ ಗೊತ್ತು. ಹಿಂಗಾರಿ ಜೋಳ, ಕಡಲೆ ಬಂದು ಸುಗ್ಗಿ ಮುಗಿದಿರುತ್ತದೆ. ಹೊಲ ಬಾಯಿಬಿಟ್ಟು ಮಲಗಿರುತ್ತದೆ. ಹೊಸದಾಗಿ ಒಂದು ರೂಪಾಯಿಯೂ ಬರುವುದಿಲ್ಲ. ಮದುವೆ, ಜಾತ್ರೆ, ಸೋರುವ ಮಾಳಿಗೆಯ ದುರಸ್ತಿ, ಎಲ್ಲ ಖರ್ಚೂ ಇದೇ ಎರಡು ತಿಂಗಳಲ್ಲಿ. ಅಷ್ಟರಲ್ಲೂ ಒಂದು ಮಡಕೆಯನ್ನು ಯಾರೂ ಮುಟ್ಟುವುದಿಲ್ಲ. ಬೂದಿ ಕಲಸಿ, ಬೇವಿನ ಎಲೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು ಅಟ್ಟದ ಮೇಲಿಟ್ಟ ಹೆಸರು ಕಾಳು. ಮೇ ಕೊನೆಗೆ ರೋಹಿಣಿ ಮಳೆ ಕೂಡಿದರೆ ಬಿತ್ತಿಗೆ ಅದೇ ಬೇಕು. ಹಸಿವು ಎಷ್ಟೇ ಇದ್ದರೂ ಆ ಕಾಳು ಒಲೆಗೆ ಏರುವಂತಿಲ್ಲ.

ಈ ಹುಡುಗಿಯ ಅಟ್ಟ ಎಂದರೆ ಅಂಚೆ ಕಚೇರಿ. ಅಲ್ಲಿ ಉಳಿತಾಯ ಖಾತೆ ತೆರೆಯಲು 500 ರೂಪಾಯಿ ಇದ್ದರೆ ಸಾಕು. ಆ ಖಾತೆಯನ್ನು ಫೋನಿಗೆ ಜೋಡಿಸಿಲ್ಲ, ಬೇಕೆಂದೇ. ದುಡ್ಡು ತೆಗೆಯಬೇಕಾದರೆ ಬಿಸಿಲಲ್ಲಿ ನಡೆದು ಹೋಗಿ ಚೀಟಿ ಬರೆಯಬೇಕು. ಅಷ್ಟು ದೂರ ನಡೆಯುವುದರೊಳಗೆ ಬೇಡ ಅನಿಸಿಬಿಡುತ್ತದಂತೆ. ನಾನು ನಿಂತಲ್ಲೇ ಲೆಕ್ಕ ಹಾಕಿದೆ. 4,000ದಲ್ಲಿ ಬಾಡಿಗೆ ಹೋಗಿ 2,800. ನಾಲ್ಕು ಭಾನುವಾರದ ಬೀಜ ತೆಗೆದರೆ 2,000. ದಿನಕ್ಕೆ 65ರ ಆಸುಪಾಸು. ಊರಿಂದ ಕಟ್ಟಿಸಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಇರುವುದರಿಂದ ನಡೆಯುತ್ತಿದೆ. ಸುಲಭವಾಗಿ ನಡೆಯುತ್ತಿದೆ ಎಂದು ನಾನು ಹೇಳಲಾರೆ. ಇಪ್ಪತ್ತು ವರ್ಷದ ಮಗು ಇಷ್ಟು ಬಿಗಿಯಾಗಿ ಬದುಕಬೇಕೆ ಎಂದು ಒಳಗೊಳಗೇ ಸಂಕಟವಾಯಿತು. ಆದರೆ ಅವಳ ಮುಖದಲ್ಲಿ ಆ ಸಂಕಟ ಇರಲಿಲ್ಲ. ಮಳೆ ಬರುತ್ತದೆ ಎಂದು ನಂಬಿದವರು ಮಾತ್ರ ಬೀಜ ಎತ್ತಿಡುತ್ತಾರೆ. ತನ್ನ ಮುಂದಿನ ವರ್ಷದ ಬಗ್ಗೆ ಅವಳಿಗೆ ಅಂಥದೊಂದು ನಂಬಿಕೆ ಇದೆ.

ನಮ್ಮ ಮನೆಗಳಲ್ಲೂ ಈ ವಾರ ರಜೆಗೆ ಬಂದ ಮಕ್ಕಳಿದ್ದಾರೆ. ದುಡ್ಡು ಹೇಗೆ ಖರ್ಚಾಯಿತು ಎಂದು ಗದರಿಸಿ ಕೇಳುವ ಬದಲು, ಒಂದು ಕ್ಯಾಲೆಂಡರು, ಒಂದು ಪೆನ್ಸಿಲು ಕೊಟ್ಟು ನೋಡಬಹುದೇನೋ. ಭಾನುವಾರದ ಮನೆಯಲ್ಲಿ ಅವರು ಯಾವ ಬೀಜ ಬರೆಯುತ್ತಾರೋ, ಅದನ್ನು ಅವರಿಗೇ ಬಿಡಬೇಕು.

ಶಾವಿಗೆಯ ಮೊರ ಎತ್ತಿಕೊಂಡು ಹೊರಡುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ತಿಂಗಳ ನಡುವೆ ನಾಲ್ಕು ಮನೆ ಖಾಲಿ. ಒಂದು ಅಕ್ಷರವೂ ಇಲ್ಲ.

"ಆ ನಾಕು ದಿನ ಉಪವಾಸ ಇದ್ದೇನವಾ?"

"ಇಲ್ರಿ, ಊರ ಜಾತ್ರಿಗೆ ಹೋಗಿದ್ದೆರಿ. ಬಸ್ಸಿಗಿ ಸೊನ್ನೆ ಟಿಕೇಟು. ಮನ್ಯಾಗ ನನಗೇನ ಖರ್ಚ್ರಿ?"

ಮೆಟ್ಟಿಲಿಳಿಯುತ್ತ ಯೋಚಿಸಿದೆ. ಆ ಊರಿನಲ್ಲೂ ಅಡಿಗೆಮನೆಯ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ತೂಗುತ್ತಿದ್ದೀತು. ಅದರಲ್ಲಿ ಅದೇ ನಾಲ್ಕು ಮನೆಗಳಲ್ಲಿ, ಅರ್ಧ ಇದ್ದ ಹಾಲು ಒಂದು ಲೀಟರ್ ಆಗಿದ್ದೀತು.